ಅರಮನೆಯ ರಾಶಿಯೊಳಗೆ ಕಳೆದುಹೋದ ರಾಜಕುಮಾರಿ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳಾಚೆ ಚಂದ್ರಕೊಳ್ಳವೆಂಬ ರಾಜ್ಯವಿತ್ತು. ಅದನ್ನು ಸುಗುಣವರ್ಮನೆಂಬ ದೊರೆ ಆಳುತ್ತಿದ್ದ. ಅವನ ರಾಣಿ ಜ್ವರ ಬಂದು ತೀರಿಕೊಂಡಳು. ಆಮೇಲೆ ದೊರೆ ಅರಮನೆಯಿಂದ ಒಂದು ಹುಲ್ಲುಕಡ್ಡಿಯನ್ನೂ ಹೊರಗೆ ಹೋಗಗೊಡಲಿಲ್ಲ. ಅದನ್ನು ಕಂಡು ಧೂಮಕೇಶನೆಂಬ ಮಾಂತ್ರಿಕ ಬಂದು, "ಒಳಗೆ ಬಂದದ್ದು ಯಾವುದೂ ಹೊರಗೆ ಹೋಗದ ಹಾಗೆ ಮಾಡಿಕೊಡಲೇ?" ಎಂದು ಕೇಳಿದ. ದುಃಖದಲ್ಲಿದ್ದ ದೊರೆ ಹೂಂ ಎಂದುಬಿಟ್ಟ.

ಅಂದಿನಿಂದ ಅರಮನೆಯಲ್ಲಿ ಒಂದಿದ್ದದ್ದು ಬೆಳಗಾಗುವಷ್ಟರಲ್ಲಿ ಎರಡಾಗುತ್ತಿತ್ತು. ಬಿಂದಿಗೆಯ ಮೇಲೆ ಬಿಂದಿಗೆ, ಪೆಟ್ಟಿಗೆಯ ಮೇಲೆ ಪೆಟ್ಟಿಗೆ. ಕಿಟಕಿಗಳು ಮುಚ್ಚಿಹೋದವು. ಹೊರಗೆ ಎಸೆದದ್ದು ಹೊಸಿಲು ದಾಟುವ ಮೊದಲೇ ತಿರುಗಿ ಬರುತ್ತಿತ್ತು. ಧೂಮಕೇಶನ ಪ್ರಾಣ ಆ ರಾಶಿಯಲ್ಲೇ ಇತ್ತು. ರಾಶಿ ಬೆಳೆದಂತೆ ತಾನೂ ಬೆಳೆದು, ತಾಳೆಮರದಷ್ಟು ಎತ್ತರವಾಗಿ ಗೋಪುರದ ಮೇಲೆ ಕೂತಿದ್ದ.

ಒಂದು ದಿನ ದೊರೆಯ ಒಬ್ಬಳೇ ಮಗಳು, ಎಂಟು ವರ್ಷದ ಇಂದುಲೇಖೆ, ಅಮ್ಮನ ಕೋಣೆಗೆಂದು ಹೊರಟವಳು ರಾಶಿಯೊಳಗೆ ಕಳೆದುಹೋದಳು. "ಅಪ್ಪಾಜಿ" ಎನ್ನುವ ದನಿ ಕೇಳುತ್ತಿತ್ತು, ಮಗು ಸಿಗುತ್ತಿರಲಿಲ್ಲ. ಮಾಯೆಯ ರಾಶಿಯಲ್ಲಿ ಹಸಿವು ಬಾಯಾರಿಕೆ ಇರಲಿಲ್ಲ. ಆದರೆ ದಿನದಿನಕ್ಕೂ ಆ ದನಿ ಸಣ್ಣಗಾಗುತ್ತಿತ್ತು.

ಆ ಊರಿನಲ್ಲಿ ದ್ಯಾಮಿ ಎಂಬ ಹುಡುಗಿ ಬಿದಿರು ಸೀಳಿ ಮೊರ ಹೆಣೆಯುತ್ತಿದ್ದಳು. ಒಂದೇ ಕೋಣೆಯ ಗುಡಿಸಲಲ್ಲಿ ಒಂಬತ್ತು ಜನರ ನಡುವೆ ಬೆಳೆದವಳು. ಯಾವುದು ಎಲ್ಲಿರಬೇಕು, ಯಾವುದು ಇರಬಾರದು ಅನ್ನುವುದು ಅವಳ ಕೈಗೇ ಗೊತ್ತಿತ್ತು. ಅರಮನೆಯ ಅಡುಗೆಮನೆಗೆ ಮೊರ ಕೊಡಲು ಬಂದಾಗ ಆ ದನಿ ಅವಳ ಕಿವಿಗೆ ಬಿತ್ತು. ನೇರ ದೊರೆಯ ಮುಂದೆ ಹೋಗಿ ನಿಂತಳು.

"ಮಹಾಪ್ರಭು, ನಾನು ಒಳಗೆ ಹೋಗಿ ನೋಡ್ತೀನಿ."

"ನನ್ನ ಸೈನಿಕರೇ ಸೋತರಲ್ಲ, ತಾಯಿ."

"ಸೈನಿಕರಿಗೆ ಮನೆ ಓರಣ ಮಾಡಿ ಅಭ್ಯಾಸವಿಲ್ಲ, ಪ್ರಭು."

ದೊರೆ ಒಪ್ಪಿದ. ಒಳಗೆ ಹೊರಟವಳಿಗೆ ಮೊದಲು ಸಿಕ್ಕಿದ್ದು ಉಗ್ರಾಣ. ಬಾಗಿಲಲ್ಲಿ ಎತ್ತಿನಷ್ಟು ದೊಡ್ಡ ಹೆಗ್ಗಣ ಕಾವಲಿತ್ತು. ದ್ಯಾಮಿ ಏನನ್ನು ಮುಟ್ಟಿದರೂ "ಅದು ಬೇಕಾಗುತ್ತದೆ" ಎಂದು ಹಲ್ಲು ಕಿರಿಯಿತು. ಅವಳು ತಳವಿಲ್ಲದ ಒಂದು ಕೊಡವನ್ನು ಎತ್ತಿಕೊಂಡಳು.

"ಇದೂ ಬೇಕಾ?"

"ಬೇಕು."

"ಸರಿ, ಹಾಗಾದರೆ ಕೆಲಸಕ್ಕೆ ಬರಲಿ. ಇದರಲ್ಲಿ ನೀರು ತಂದುಕೊಡು."

ಹೆಗ್ಗಣ ಬಾವಿಗೆ ಓಡಿತು, ಖಾಲಿ ಕೊಡ ಹೊತ್ತು ಬಂತು. ಮತ್ತೆ ಓಡಿತು, ಮತ್ತೆ ಖಾಲಿ. ಮೂರನೇ ಸಲ ಏದುಸಿರು ಬಿಡುತ್ತಾ ಬಂದು ಕೊಡವನ್ನು ನೋಡಿತು, ಅವಳನ್ನು ನೋಡಿತು, ತಲೆ ತಗ್ಗಿಸಿ ಬಿಲ ಸೇರಿತು. ಉಗ್ರಾಣದ ಮಾಯೆ ಬಿಟ್ಟಿತು. ಒಡೆದದ್ದು ತಿಪ್ಪೆಗೆ ಹೋಯಿತು, ಗಟ್ಟಿಯಿದ್ದದ್ದು ಊರಿನ ಮನೆಮನೆಗೆ ಹೋಯಿತು. ಗೋಪುರದ ಮೇಲೆ ಧೂಮಕೇಶ ಆಳುದ್ದಕ್ಕೆ ಕುಗ್ಗಿದ.

ಎರಡನೆಯದು ಕಾಣಿಕೆಗಳ ಹಜಾರ. ಅಲ್ಲಿ ಕುದುರೆಯಷ್ಟು ದೊಡ್ಡ ಗಿಳಿ ಕೂತಿತ್ತು. ದ್ಯಾಮಿ ಒಂದು ಹಿತ್ತಾಳೆಯ ಆನೆಯನ್ನು ಎತ್ತಿದಳು.

"ಪಡುವಣ ದ್ವೀಪದ ದೊರೆ ಕೊಟ್ಟದ್ದು," ಎಂದಿತು ಗಿಳಿ. "ಬೇರೆಯವರಿಗೆ ಕೊಟ್ಟರೆ ಅವನು ಬೇಜಾರು ಮಾಡಿಕೊಳ್ಳುತ್ತಾನೆ."

"ನೀನು ಅವನನ್ನು ಕೇಳಿದ್ದೀಯಾ?"

ಗಿಳಿ ಕತ್ತು ವಾರೆ ಮಾಡಿತು. ಯಾರೂ ಅದನ್ನು ಹಾಗೆ ಕೇಳಿರಲಿಲ್ಲ. ಮಧ್ಯಾಹ್ನ ಕಡಲು ಹಾರಿ ಹೋದದ್ದು ಸಂಜೆ ಹೊತ್ತಿಗೆ ಹಿಂದಿರುಗಿತು.

"ಏನಂದ?"

"ಅವನಿಗೆ ಆನೆ ನೆನಪೇ ಇಲ್ಲ," ಎಂದು ಗಿಳಿ ಮೆಲ್ಲಗೆ ಹೇಳಿತು. "ನಮ್ಮ ದೊರೆ ಕಳಿಸಿದ ನಲವತ್ತು ದೀಪದ ಕಂಬಗಳು ಅವನ ಮನೆಯಲ್ಲಿವೆಯಂತೆ. ಯಾರಿಗಾದರೂ ಕೊಟ್ಟರೆ ನಿಮ್ಮ ದೊರೆ ಬೇಜಾರು ಮಾಡಿಕೊಳ್ಳುತ್ತಾನಾ ಅಂತ ನನ್ನನ್ನೇ ಕೇಳಿದ."

ದ್ಯಾಮಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಗಿಳಿ ಹಾರಿಹೋಯಿತು. ಹಜಾರ ಬರಿದಾಯಿತು. ಧೂಮಕೇಶ ಮೊಳದುದ್ದಕ್ಕೆ ಇಳಿದ.

ಮೂರನೆಯದು ರಾಣಿಯ ಕೋಣೆ. ಸೀರೆ, ಬಳೆ, ಅರ್ಧ ನೇಯ್ದ ಶಾಲು, ಎಲ್ಲ ಸೇರಿ ಒಂದು ಗುಡ್ಡವಾಗಿತ್ತು. ಅದನ್ನು ಸುತ್ತಿಕೊಂಡು ಒಂದು ಬಿಳಿ ಸರ್ಪ ಮಲಗಿತ್ತು. ಅದು ಬುಸುಗುಡಲಿಲ್ಲ, ಕಣ್ಣೀರು ಸುರಿಸುತ್ತಿತ್ತು. ಗುಡ್ಡದ ಹಿಂದಿನಿಂದ ಇಂದುಲೇಖೆಯ ದನಿ ಉಸಿರಿನಷ್ಟೇ ಕೇಳುತ್ತಿತ್ತು. ದ್ಯಾಮಿ ಕೈ ಚಾಚಿದಳು, ಹಾಗೇ ಹಿಂದಕ್ಕೆ ತೆಗೆದುಕೊಂಡಳು. ಹೋಗಿ ದೊರೆಯನ್ನು ಕರೆದಳು.

"ಪ್ರಭು, ಇದು ನಾನು ಮುಟ್ಟುವಂಥದ್ದಲ್ಲ. ನೀವೇ ಬರಬೇಕು."

ದೊರೆ ಬಂದು ನಿಂತ. ಸರ್ಪ ಹೆಡೆಯೆತ್ತಿ ಕೇಳಿತು: "ಇದನ್ನೆಲ್ಲ ಕೊಟ್ಟರೆ ಅವಳನ್ನು ಮರೆತ ಹಾಗಲ್ಲವೇ?"

ಗೋಪುರದಿಂದಿಳಿದು ಬಾಗಿಲ ಬಳಿ ಬಂದಿದ್ದ ಧೂಮಕೇಶ ಸೊಳ್ಳೆಯಂಥ ದನಿಯಲ್ಲಿ, "ಹೌದು ಅನ್ನು, ಹೌದು ಅನ್ನು," ಎಂದು ಗುಂಯ್‌ಗುಟ್ಟಿದ.

"ಪ್ರಭು, ರಾಣಿಯಮ್ಮ ಇದ್ದಿದ್ದರೆ ಈಗ ಮೊದಲು ಏನನ್ನು ಹುಡುಕುತ್ತಿದ್ದರು?" ಎಂದಳು ದ್ಯಾಮಿ.

ದೊರೆ ಗುಡ್ಡದ ಹಿಂದಿನ ಮಗಳ ದನಿಗೆ ಕಿವಿಗೊಟ್ಟ. ಆಮೇಲೆ ಸರ್ಪಕ್ಕೆ ಹೇಳಿದ: "ಅವಳನ್ನು ಮರೆಯುವುದು ನನ್ನಿಂದಾಗದು. ಸೀರೆಗಳನ್ನು ಕೊಡುವುದು ಆಗುತ್ತದೆ."

ಮೊದಲ ಸೀರೆಯನ್ನು ಮಡಿಸಲು ಅವನಿಗೆ ಬರಲಿಲ್ಲ. ದ್ಯಾಮಿ ಇನ್ನೊಂದು ಅಂಚು ಹಿಡಿದುಕೊಟ್ಟಳು. ಒಂದೊಂದು ಸೀರೆಗೂ ದೊರೆ ಒಂದೊಂದು ಮಾತು ಹೇಳಿದ. ಇದು ಮದುವೆಯಲ್ಲಿ ಉಟ್ಟದ್ದು, ಇದು ಮಗು ಹುಟ್ಟಿದಾಗ ತಂದದ್ದು. ಹೇಳಿ, ಅತ್ತು, ಹೊರಗೆ ನಿಂತ ಹೆಂಗಸರ ಕೈಗೆ ಕೊಟ್ಟ. ಅರ್ಧ ನೇಯ್ದ ಶಾಲನ್ನು ಮಾತ್ರ ಎದೆಗವಚಿಕೊಂಡ. "ಅದು ಇರಲಿ ಪ್ರಭು, ಅದಕ್ಕೆ ಜಾಗವಿದೆ," ಎಂದಳು ದ್ಯಾಮಿ.

ಸರ್ಪ ಸುರುಳಿ ಬಿಚ್ಚಿ, ಬೆಳದಿಂಗಳಿನ ಹಾಗೆ ಕರಗಿಹೋಯಿತು. ಧೂಮಕೇಶ ಒಂದು ಹಿಡಿ ಮಸಿಯಾಗಿ ಬಿದ್ದ. ಅಡುಗೆಯ ಹೆಂಗಸೊಬ್ಬಳು ಅದು ಯಾರೆಂದು ತಿಳಿಯದೆ ಗುಡಿಸಿ ಹಾಕಿದಳು.

ಖಾಲಿಯಾದ ಮೂಲೆಯಲ್ಲಿ ಇಂದುಲೇಖೆ ಮೊಣಕಾಲಿಗೆ ಗಲ್ಲವೂರಿ ಕೂತಿದ್ದಳು. ಅಪ್ಪನನ್ನು ನೋಡಿ, "ನಾನು ಎಷ್ಟು ಕೂಗಿದೆ," ಎಂದಳು.

"ಕೇಳಿಸುತ್ತಿತ್ತು ಮಗಳೇ. ದಾರಿ ಇರಲಿಲ್ಲ," ಎಂದು ದೊರೆ ಅವಳನ್ನು ಎತ್ತಿಕೊಂಡ.

ದೊರೆ ಅರಮನೆಯ ಮೇಲ್ವಿಚಾರಣೆಯನ್ನು ದ್ಯಾಮಿಗೆ ಒಪ್ಪಿಸಿದ. ಅವಳ ಮಾತಿಲ್ಲದೆ ಒಂದು ಮಣೆಯೂ ಒಳಗೆ ಬರುತ್ತಿರಲಿಲ್ಲ. ಅವಳ ಮನೆಯ ಒಂಬತ್ತು ಜನರಿಗೂ ಕಾಲು ಚಾಚಿ ಮಲಗುವಂಥ ಮನೆಯಾಯಿತು. ಮಗು ಸಿಕ್ಕಿದ ಮರುದಿನ ಸಂಜೆ ಅರಮನೆಯವರು, ಊರಿನವರು ಎಲ್ಲ ಹಜಾರದಲ್ಲಿ ಸಾಲಾಗಿ ಎಲೆ ಹಾಕಿಕೊಂಡು ಉಂಡರು. ಉಂಡೆದ್ದ ಮೇಲೆ ಇಂದುಲೇಖೆ ಹಜಾರದ ಈ ಗೋಡೆಯಿಂದ ಆ ಗೋಡೆಗೆ ಓಡಿದಳು. ಎಲ್ಲೂ ಎಡವಲಿಲ್ಲ. ಚಂದ್ರಕೊಳ್ಳದವರು ಆಮೇಲೆ ನೂರು ವರ್ಷ ಹಾಗೆಯೇ ನಗುನಗುತ್ತಾ ಬಾಳಿದರು.