ಅಡುಗೆಮನೆಯ ಕೆಂಪು ಗೆರೆ

"ಗೆರೆ ದಾಟಬೇಡ, ಎಫಿ," ಎಂದಳು ಅಮ್ಮ, ಹೊಲಿಗೆ ಮಷಿನ್ನಿನಿಂದ ತಲೆ ಎತ್ತದೆ.

ಎಫಿಯ ಬಲಗಾಲು ಗಾಳಿಯಲ್ಲೇ ನಿಂತಿತು. ನೆಲದ ಮೇಲೆ ಕೆಂಪು ಟೇಪ್. ಗೆರೆಯ ಆಚೆ ಅಮ್ಮ, ಮಷಿನ್, ಬೆಚ್ಚನೆಯ ಹೀಟರ್ ಮತ್ತು ಫ್ರಿಜ್. ಈಚೆ ಎಫಿ, ಅಪ್ಪ ಮತ್ತು ಒಣ ಕಾರ್ನ್‌ಫ್ಲೇಕ್ಸ್.

ಏಪ್ರಿಲ್ ತಿಂಗಳು. ಕೆನಡಾದ ಕೇಪ್ ಬ್ರೆಟನ್ ದ್ವೀಪದಲ್ಲಿ ಹಿಮ ಇನ್ನೂ ಪೂರ್ತಿ ಕರಗಿರಲಿಲ್ಲ, ತೆರಿಗೆ ಲೆಕ್ಕ ಕೊಡುವ ಕಾಲ ಮಾತ್ರ ಬಂದಿತ್ತು. ಮೀನಿನ ಫ್ಯಾಕ್ಟರಿ ಮುಚ್ಚಿದ ಮೇಲೆ ಅಮ್ಮ ಮನೆಯಲ್ಲೇ ಜಾಕೆಟ್ ಜಿಪ್ಪು, ಹಾಕಿ ಆಟದ ಗ್ಲೌಸು ರಿಪೇರಿ ಮಾಡುತ್ತಿದ್ದಳು. ಮನೆಯ ಒಂದು ಭಾಗವನ್ನು ದುಡಿಮೆಗೆ ಮಾತ್ರ ಬಳಸಿದರೆ, ಅದರ ಕರೆಂಟು, ಹೀಟರ್ ಖರ್ಚನ್ನು ತೆರಿಗೆ ಲೆಕ್ಕದಲ್ಲಿ ಕಳೆಯಬಹುದು ಎಂದು ರೇಡಿಯೊದಲ್ಲಿ ಯಾರೋ ಹೇಳಿದ್ದರು. ಅದೇ ಸಂಜೆ ಟೇಪು ಬಂತು.

"ಹಾಲು ಬೇಕಲ್ಲ, ಮೊರಾಗ್," ಎಂದ ಅಪ್ಪ.

"ಹಾಲು ಕುಡಿಯೋದು ದುಡಿಮೆನಾ?"

"ಅಲ್ಲ."

"ಮತ್ತೆ?"

ಅಪ್ಪ ಶೆಡ್ಡಿಗೆ ಹೋಗಿ ಲಾಬ್‌ಸ್ಟರ್ ಹಿಡಿಯುವ ತನ್ನ ದೋಣಿಯ ಉದ್ದನೆಯ ಕೊಕ್ಕೆಕೋಲು ತಂದ. ಗೆರೆಯ ಈಚೆಯಿಂದಲೇ ಫ್ರಿಜ್ಜಿನ ಬಾಗಿಲು ಎಳೆದ. ಹಾಲಿನ ಜಗ್ಗು ಕೊಕ್ಕೆಗೆ ಸಿಕ್ಕಿ, ತೂಗಾಡುತ್ತ ಅಮ್ಮನ ತಲೆಯ ಮೇಲಿಂದ ಹಾದು ಬಂತು.

"ಚೆಲ್ಲಿದ್ರೆ ಅದನ್ನ ಯಾವ ಖರ್ಚಲ್ಲಿ ಬರೀಲಿ?" ಎಂದಳು ಅಮ್ಮ.

ಬೆಕ್ಕು ಗೆರೆಯ ಮೇಲೇ ಮಲಗಿತ್ತು. ತಲೆ ದುಡಿಮೆಯ ಕಡೆ, ಬಾಲ ಮನೆಯ ಕಡೆ.

ಎಫಿಗೆ ಹಾಲಿನ ಚಿಂತೆ ಇರಲಿಲ್ಲ. ಹೀಟರ್ ಪಕ್ಕ, ಅಮ್ಮನ ಕಾಲ ಬಳಿ ಕೂತು ಹೋಮ್‌ವರ್ಕ್ ಮಾಡುವುದು ಅವಳ ಅಭ್ಯಾಸ. ಆ ಜಾಗ ಈಗ ಗೆರೆಯ ಆಚೆ ಹೋಗಿತ್ತು.

ಸಂಜೆ ಅವಳು ತನ್ನ ಉಣ್ಣೆಯ ಕೈಗವಸಿನ ಹೆಬ್ಬೆರಳಿನ ಹೊಲಿಗೆಯನ್ನು ತಾನೇ ಬಿಚ್ಚಿ, ಹೊರಗಿಂದ ಸುತ್ತಿ ಹೋಗಿ, ಗೆರೆಯ ಆಚೆ ತೆರೆಯುವ ಹಿತ್ತಿಲ ಬಾಗಿಲು ತಟ್ಟಿದಳು.

"ಗಿರಾಕಿ ಬಂದಿದೀನಿ."

ಅಮ್ಮ ಬಾಗಿಲು ತೆರೆದಳು. "ಬನ್ನಿ ಮೇಡಂ, ಕೂತ್ಕೊಳ್ಳಿ."

ಹೀಟರ್ ಹಿತವಾಗಿತ್ತು. ಆದರೆ ಹೊಲಿಗೆ ಬೇಗ ಮುಗಿಯಿತು. "ಆಯ್ತು. ನೀವಿನ್ನು ಹೊರಡಬಹುದು."

ಎಫಿ ಜೇಬಿನಿಂದ ಇನ್ನೊಂದು ಕೈಯ ಗವಸನ್ನು ತೆಗೆದಳು. ಅದರ ಹೆಬ್ಬೆರಳೂ ಬಿಚ್ಚಿತ್ತು.

ಶನಿವಾರ ಅಮ್ಮ, ಎಫಿ ಇಬ್ಬರೂ ಲೈಬ್ರರಿಗೆ ಹೋದರು. ಅಲ್ಲಿ ರಿಟೈರಾದ ಟೀಚರ್ ಬರ್ನೀ ಅಜ್ಜಿ ಊರಿನವರ ತೆರಿಗೆ ಲೆಕ್ಕವನ್ನು ಪುಕ್ಕಟೆ ಮಾಡಿಕೊಡುತ್ತಿದ್ದರು. ಗೆರೆಯ ಕತೆ ಕೇಳಿ ಅವರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಟೇಪು ಯಾಕಮ್ಮ? ನೀನು ಕೆಲಸ ಮಾಡೋ ಜಾಗ ಅದೊಂದೇ ತಾನೆ? ಮನೇಲಿ ಅದು ಎಷ್ಟು ಪಾಲು, ದಿನಕ್ಕೆ ಎಷ್ಟು ಹೊತ್ತು ಕೆಲಸ, ಅಷ್ಟು ಹೇಳು ಸಾಕು. ಬಿಲ್ಲುಗಳನ್ನ ಎತ್ತಿಟ್ಟುಕೋ. ಫ್ರಿಜ್ ಬಿಟ್ಟುಬಿಡು."

"ಬೆಕ್ಕು?" ಎಂದಳು ಎಫಿ.

"ಬೆಕ್ಕಿನ ವಿಷ್ಯ ಯಾರೂ ಕೇಳಲ್ಲ. ಸರಿ, ಉದ್ಯೋಗ ಏನು ಅಂತ ಬರೀಲಿ?"

ಅಮ್ಮ ಬೆನ್ನು ನೆಟ್ಟಗೆ ಮಾಡಿ, "ಹೊಲಿಗೆ ರಿಪೇರಿ. ಸ್ವಂತದ್ದು," ಎಂದಳು.

ಎಫಿ ಅವಳ ಮುಖವನ್ನೇ ನೋಡಿದಳು.

ಮನೆಗೆ ಬಂದು ಅಮ್ಮ ಮೊಣಕಾಲೂರಿ ಟೇಪಿನ ತುದಿ ಎಬ್ಬಿಸಿದಳು.

"ಅಬ್ಬ, ಜಾಗ ಸಿಕ್ತು," ಎನ್ನುತ್ತ ಅಪ್ಪ ಒದ್ದೆ ಹಗ್ಗದ ಸುರುಳಿಯನ್ನು ತಂದು ಹೊಲಿಗೆ ಮೇಜಿನ ಮೇಲೆ ಹಾಕಿದ, ಟೇಪು ಬರುವ ಮೊದಲು ದಿನಾ ಹಾಕುತ್ತಿದ್ದ ಹಾಗೆ. ಹಗ್ಗದಡಿ ಯಾರೋ ಗಿರಾಕಿಯ ಗ್ಲೌಸು ಇತ್ತು. ಅಮ್ಮ ಎದ್ದು ಅದನ್ನು ಎಳೆದುಕೊಂಡು, ತನ್ನ ಏಪ್ರನ್ನಿನಿಂದ ಒರೆಸತೊಡಗಿದಳು.

ಎಫಿ ನೋಡುತ್ತಾ ನಿಂತಳು. ಆ ಮೇಜಿನ ಮೇಲೆ ತಾನೂ ಎಷ್ಟೋ ಸಲ ಸ್ಕೂಲ್ ಬ್ಯಾಗು ಎಸೆದಿದ್ದಳು.

"ಅಪ್ಪ, ರಿಪೇರಿ ಏನಾದ್ರೂ ಇದ್ಯಾ?"

"ಇಲ್ವಲ್ಲ."

"ಹಾಗಿದ್ರೆ ಹಗ್ಗ ಶೆಡ್ಡಿಗೆ. ಇದು ಅಮ್ಮನ ದುಡಿಮೆ ಜಾಗ."

ಎಫಿ ಬಗ್ಗಿ, ಎದ್ದಿದ್ದ ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಅಂಟಿಸಿದಳು. ಗೆರೆಯ ಈಚೆ, ಅದಕ್ಕೆ ತಾಗಿಕೊಂಡೇ ಕೂತು ಪುಸ್ತಕ ತೆರೆದಳು.

ಮಷಿನ್ ಶುರುವಾಯಿತು. ಹೀಟರಿನ ಶಾಖ ಅಲ್ಲಿಗೂ ಬರುತ್ತಿತ್ತು.