ಗುರಾಣಿಯ ಮೇಲಿನ ಕೆಂಪು ಪಟ್ಟಿ

"ಅದನ್ನ ಕೆರೀಬೇಡಪ್ಪ. ನಿನ್ನ ದೊಡ್ಡಪ್ಪ ಇನ್ನೂ ಉಸಿರಾಡ್ತಿದ್ದಾನೆ," ಎಂದಳು ಗ್ರಿಜೆಲ್ ಅತ್ತೆ.

ಲಾಕ್ಲನ್ ನಕ್ಕುಬಿಟ್ಟ. ಅವನು ಗ್ಲಾಸ್ಗೋದಿಂದ ಬೆಟ್ಟದ ನಡುವಿನ ಈ ಕಲ್ಲುಮನೆಗೆ ಬಂದು ವರ್ಷವಾಗಿರಲಿಲ್ಲ. ಮಕ್ಕಳಿಲ್ಲದ ದೊಡ್ಡಪ್ಪ ಟಾರ್ಕ್ವಿಲ್ ತಮ್ಮನ ಮಗನಾದ ಅವನನ್ನು ವಾರಸುದಾರನೆಂದು ಕರೆಸಿಕೊಂಡು ಮನೆತನದ ಲಾಂಛನದ ಗುರಾಣಿ ಬರೆಸಿಕೊಟ್ಟಿದ್ದ. ನೀಲಿ ನೆಲ ನಿಷ್ಠೆಗೆ, ಒಂಟಿಕಾಲಲ್ಲಿ ನಿಂತ ಬೆಳ್ಳಿಯ ಕೊಕ್ಕರೆ ತಾಳ್ಮೆಗೆ, ಎರಡೂ ಯಜಮಾನನವು. ಮೇಲೆ ಬಾಚಣಿಗೆಯಂತೆ ಮೂರು ಹಲ್ಲಿನ ಕೆಂಪು ಪಟ್ಟಿ, ಇದು ವಾರಸುದಾರನದು, ಯಜಮಾನ ಇನ್ನೂ ಬದುಕಿದ್ದಾನೆ ಎಂಬ ಗುರುತು. ಆ ಕೆಂಪಿಗೆ ಲಾಕ್ಲನ್‌ನ ಹೆಬ್ಬೆರಳಿನ ರಕ್ತ ಬೆರೆಸಿದ್ದರು. ಮನೆಯ ಹಳೇ ಕಟ್ಟಳೆ.

ದೊಡ್ಡಪ್ಪ ಹಾಸಿಗೆ ಹಿಡಿದು ತಿಂಗಳುಗಳಾಗಿದ್ದವು. ಏಳುತ್ತಲೂ ಇರಲಿಲ್ಲ, ಸಾಯುತ್ತಲೂ ಇರಲಿಲ್ಲ. ಲಾಕ್ಲನ್ ಮದುವೆಯಾಗಬೇಕಿದ್ದ ಇಶ್ಬೆಲ್ ಆ ಸಂಜೆ ತಂದೆಯೊಡನೆ ಊಟಕ್ಕೆ ಬರುವವಳಿದ್ದಳು. ಅವರ ಮುಂದೆ ಆ ಪಟ್ಟಿ ಹೊತ್ತು ಯಾರದೋ ಸಾವಿಗೆ ಕಾದು ಕೂತವನಂತೆ ಕಾಣುವುದು ಅವನಿಗೆ ಬೇಡವಾಗಿತ್ತು. ಬೆಳಗಿನಿಂದ ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ.

"ಪಟ್ಟಿ ಇಲ್ಲದ ಗುರಾಣಿ ಇಬ್ಬರನ್ನ ಇಟ್ಕೊಳಲ್ಲ ಕಣೋ. ಒಬ್ಬನ್ನೇ."

"ಹಂಗಾದ್ರೆ ಮುದುಕನೇ ಹೋಗ್ಲಿ ಬಿಡು, ಅತ್ತೆ. ಕೆಮ್ಮೋದಾದ್ರೂ ತಪ್ಪತ್ತೆ."

ಅತ್ತೆ ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಹೋದಳು.

ಚಳಿಗಾಲದ ಬೆಳಕು ಮಧ್ಯಾಹ್ನಕ್ಕೇ ಸೋತಿತ್ತು. ಒಲೆಯ ಹೊಗೆಗೆ ಗುರಾಣಿಯ ಬಣ್ಣದ ಅಗಸೆ ಎಣ್ಣೆಯ ವಾಸನೆ ಬೆರೆತಿತ್ತು. ಅವನು ಚಾಕುವಿನಿಂದ ಮೊದಲ ಹಲ್ಲು ಕೆರೆದ. ಮಹಡಿಯ ಮೇಲೆ ಕೆಮ್ಮು ನಿಂತಿತು. ಲಾಕ್ಲನ್‌ಗೆ ಒಳಗೊಳಗೇ ಹಿಗ್ಗು. ಎರಡನೆಯದನ್ನು ಕೆರೆದ. ಉದುರಿದ ಪುಡಿ ಹಸಿ ರಕ್ತದಂತೆ ನಾರಿತು. ಬೆರಳುಗಳು ಮರಗಟ್ಟಿದವು. ಬಿಡಲಿಲ್ಲ. ಮೂರನೆಯದನ್ನೂ ಕೆರೆದ.

ಮೇಲೆ ಮಂಚ ಕಿರುಗುಟ್ಟಿತು. ಹೆಜ್ಜೆ ಸಪ್ಪಳ. ಮೆಟ್ಟಿಲ ಮೇಲೆ. ಗಟ್ಟಿ ಹೆಜ್ಜೆ.

ಆಗ ಹೊಳೆಯಿತು. ನೀಲಿ ಮುದುಕನದು. ಕೊಕ್ಕರೆ ಮುದುಕನದು. ತನ್ನದೆಂದು ಇದ್ದದ್ದು ಆ ಕೆಂಪೊಂದೇ. ಪುಡಿಯನ್ನು ಬಾಚಲು ಬಗ್ಗಿದ. ಬೆರಳಿಗೆ ಹತ್ತಲಿಲ್ಲ. ಅತ್ತೆಯನ್ನು ಕೂಗಿದ. ದನಿ ಏಳಲಿಲ್ಲ.

"ಗ್ರಿಜೆಲ್, ಹಸಿವಾಗ್ತಿದೆ ಕಣೆ," ಎನ್ನುತ್ತ ಟಾರ್ಕ್ವಿಲ್ ಒಳಗೆ ಬಂದ. ಕೆನ್ನೆ ಕೆಂಪೇರಿತ್ತು.

ಕತ್ತಲಾಗುತ್ತಲೇ ನೆಂಟರೂ ಬಂದರು. ಇಶ್ಬೆಲ್ ಒದ್ದೆ ಕೋಟನ್ನು ಲಾಕ್ಲನ್‌ನ ಎದೆಯ ಮೂಲಕವೇ ಚಾಚಿ ಗೂಟಕ್ಕೆ ತಗುಲಿಸಿದಳು. ಈ ಮನೆಗೆ ಮುಂದೆ ಯಾರು ದಿಕ್ಕು ಎಂದು ಅವಳ ತಂದೆ ಮೆಲ್ಲಗೆ ವಿಚಾರಿಸಿದ. ತಮ್ಮನಿಗೂ ಮಕ್ಕಳಾಗಲಿಲ್ಲವಲ್ಲ ಎಂದು ಟಾರ್ಕ್ವಿಲ್ ನಿಟ್ಟುಸಿರಿಟ್ಟ.

ಗ್ರಿಜೆಲ್ ಮೇಜಿಗೆ ಒಂದು ತಟ್ಟೆ ಹೆಚ್ಚಾಗಿ ಇಟ್ಟಿದ್ದಳು. ಯಾರಿಗೆಂದು ಇಟ್ಟೆ ಎಂದು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಳು. ನೆನಪಾಗಲಿಲ್ಲ. ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡು, ತಟ್ಟೆ ತೆಗೆದು ಒಳಗಿಟ್ಟಳು.