ಎಡೆಗೆ ಬಂದ ಮೆಕ್ಸಿಕೋ ಸಾರು

"ಈ ಮನೇಲಿ ನಾನಿರ್ಬೇಕು, ಇಲ್ಲ ಈ ಪಾಕೀಟುಗಳಿರ್ಬೇಕು. ಎರಡರಲ್ಲಿ ಒಂದು ಇವತ್ತೇ ತೀರ್ಮಾನ ಆಗ್ಲಿ."

ಹೀಗೆಂದು ದಾಕ್ಷಾಯಣಮ್ಮ ಮೇಜಿನ ಮೇಲೆ ಸುರಿದ ಮಸಾಲೆ ಪಾಕೀಟುಗಳನ್ನು ವಿಶ್ವಸಂಸ್ಥೆಯವರು ಕಂಡಿದ್ದರೆ ತಮ್ಮ ಮುಂದಿನ ಸಭೆಯನ್ನು ಚನ್ನರಾಯಪಟ್ಟಣದಲ್ಲೇ ಇಟ್ಟುಕೊಳ್ಳುತ್ತಿದ್ದರು. ಇಟಲಿ ಇತ್ತು, ಥಾಯ್ಲೆಂಡ್ ಇತ್ತು, ಮೊರಾಕ್ಕೊ ಇತ್ತು, ಮೆಕ್ಸಿಕೋ ಅಂತೂ ಅರ್ಧ ಖಾಲಿಯಾಗಿ ಬಾಯಿಗೆ ಬಟ್ಟೆ ಕ್ಲಿಪ್ಪು ಕಚ್ಚಿಕೊಂಡು ಬಿದ್ದಿತ್ತು. ಎದುರಿಗೆ ಸೊಸೆ ಪ್ರೇಕ್ಷಾ ಹೆಗಲಿನ ಬ್ಯಾಗನ್ನೂ ಇಳಿಸದೆ ನಿಂತಿದ್ದಳು. ಹಾಸನದ ಲ್ಯಾಬೊಂದರಲ್ಲಿ ದಿನವಿಡೀ ರಕ್ತ ಪರೀಕ್ಷೆ ಮಾಡಿ, ಬಸ್ಸಿನ ಕಂಬಿ ಹಿಡಿದು ನಿದ್ದೆ ಮಾಡುತ್ತಲೇ ಊರು ಸೇರುವ ಹೆಂಗಸು. ನಿಂತೇ ನಿದ್ದೆ ಮಾಡುವ ವಿದ್ಯೆಯಲ್ಲಿ ಕುದುರೆಗಳೂ ಅವಳ ಹತ್ತಿರ ಪಾಠ ಕಲಿಯಬೇಕು.

ಪಾಕೀಟುಗಳು ಅವಳಿಗೆ ಷೋಕಿಯಾಗಿರಲಿಲ್ಲ. ಅತ್ತೆ ಮಾವಂದಿರಿಗೆ ಮುದ್ದೆ ಸಾರು ಆಗಲೇಬೇಕು. ಗಂಡ ರಜನೀಶನಿಗೂ ಮಗಳಿಗೂ ದಿನಕ್ಕೊಂದು ದೇಶದ ಊಟ ಬೇಕು. ಪಾಕೀಟಾದರೆ ಕತ್ತರಿಸಿ ಸುರಿದರೆ ಮುಗಿಯಿತು, ಹುರಿಯಬೇಕಿಲ್ಲ, ರುಬ್ಬಬೇಕಿಲ್ಲ. ಎರಡು ಅಡಿಗೆಯ ನಡುವೆ ಅವಳಿಗೆ ಐದು ನಿಮಿಷ ಕೂರುವ ಭಾಗ್ಯ ಸಿಗುತ್ತಿದ್ದದ್ದು ಆ ಪಾಕೀಟುಗಳಿಂದ. ಅದಕ್ಕೇ ಈಗ ಸಂಚಕಾರ.

"ತರಲ್ಲ ಬಿಡಿ ಅತ್ತೆ," ಎಂದಳು. ವಾದಿಸಲು ಉಸಿರು ಬೇಕಲ್ಲ.

ದಾಕ್ಷಾಯಣಮ್ಮನ ಕೋಪಕ್ಕೂ ಒಂದು ಘನತೆಯಿತ್ತು ಅನ್ನಿ. ಆಕೆಯ ಮೂಗು ಅಂದರೆ ಸಾಮಾನ್ಯದ ಮೂಗಲ್ಲ. ಹೊಳೆನರಸೀಪುರದಲ್ಲಿ ಯಾರಾದರೂ ಕೊತ್ತಂಬರಿ ಬೀಜ ಸೀಯಿಸಿದರೆ ಚನ್ನರಾಯಪಟ್ಟಣದಲ್ಲಿ ಕೂತ ಈಕೆ "ಉರಿ ತಗ್ಗಿಸ್ರೇ" ಎನ್ನುತ್ತಿದ್ದರಂತೆ. ಪ್ರತಿ ಬೇಸಿಗೆಯಲ್ಲೂ ಆಕೆ ಹುರಿದು ಕೊಟ್ಟ ಸಾರಿನ ಪುಡಿ ನೆಂಟರ ಮನೆಗಳಿಗೆಲ್ಲ ವರ್ಷವಿಡೀ ಸಾಕಾಗುತ್ತಿತ್ತು. ಅಡಿಗೆಮನೆಯಲ್ಲಿ ಒಂದೇ ಅಳತೆಯ ಸ್ಟೀಲ್ ಡಬ್ಬಿಗಳ ಸಾಲು. ಒಂದರ ಮೇಲೂ ಹೆಸರಿಲ್ಲ. ಚೀಟಿ ಅಂಟಿಸಲು ಹೋದ ಸೊಸೆಗೆ "ಮೂಗಿಲ್ಲದ ಮನೆಯೇನೆ ಇದು?" ಎಂದು ಮದುವೆಯಾದ ಹೊಸದರಲ್ಲೇ ಬೈದಿದ್ದರು. ಮುಚ್ಚಳ ತೆಗೆ, ಮೂಸು, ಹಾಕು. ಅದೇ ಆ ಮನೆಯ ಕಾನೂನು.

ಆ ಕಾನೂನು ಎಷ್ಟು ಕಠಿಣವೆಂದರೆ, ಅವರ ಸ್ವಂತ ಅತ್ತೆಗೆ ವಯಸ್ಸಾಗಿ, ಒಂದು ದಿನ ಹಾಲು ಸೀದದ್ದು ತಿಳಿಯದೇ ಹೋದಾಗ, ದಾಕ್ಷಾಯಣಮ್ಮ ಆ ಮುದುಕಿಯ ಕೈಯಿಂದ ಸೌಟು ತೆಗೆದುಕೊಂಡಿದ್ದರು. ಅಂದಿನಿಂದ ಮುದುಕಿಗೆ ಜಗಲಿಯ ಮಂಚ, ಹೊತ್ತಿಗೊಂದು ತಟ್ಟೆ. ಮತ್ತೆ ಅಡಿಗೆಮನೆಯ ಹೊಸಿಲು ದಾಟದೆ, ಮಂಚದಲ್ಲೇ ಕಣ್ಣು ಮುಚ್ಚಿದರು.

ಆ ಮುದುಕಿಯ ಪುಣ್ಯಸ್ಮರಣೆಯೇ ಮುಂದಿನ ಸೋಮವಾರ. ಪಾಕೀಟುಗಳೆಲ್ಲ ಕಸದ ಗಾಡಿ ಹತ್ತಿದವು; ಆದರೆ ದುಡ್ಡು ಕೊಟ್ಟು ತಂದದ್ದೆಂಬ ಸಂಕಟಕ್ಕೆ ಪ್ರೇಕ್ಷಾ ಆ ಅರ್ಧ ಮೆಕ್ಸಿಕೋವನ್ನು ಒಂದು ಖಾಲಿ ಸ್ಟೀಲ್ ಡಬ್ಬಿಗೆ ಸುರಿದು ಸಾಲಿನಲ್ಲಿಟ್ಟಳು. ಬಣ್ಣ ಥೇಟ್ ಸಾರಿನ ಪುಡಿಯದೇ. ಆದರೇನು, ಮುಚ್ಚಳ ತೆಗೆದರೆ ಅತ್ತೆಗೆ ಗೊತ್ತಾಗದೆ ಇರುತ್ತದೆಯೇ? ಸಿಕ್ಕರೆ ಇನ್ನೊಂದು ಬೈಗುಳ, ಅಷ್ಟೇ ಎಂದುಕೊಂಡಳು.

ಸೋಮವಾರ ಬಂತು. ಅರಕಲಗೂಡಿನಿಂದ ದಾಕ್ಷಾಯಣಮ್ಮನ ನಾದಿನಿ ಶಿವನಂಜಮ್ಮ ಬಂದರು. ಆಕೆಯ ನಾಲಿಗೆ ಎಂಥದ್ದೆಂದರೆ, ಬಸ್ಸಿನಿಂದ ಮೊದಲು ಅದು ಇಳಿಯುತ್ತದೆ, ಆಮೇಲೆ ಆಕೆ. ಜಂಗಮರ ಪಾದಪೂಜೆಯಾಯಿತು. ಅಜ್ಜಿಯ ಫೋಟೋದ ಮುಂದೆ ಎಡೆ ಇಟ್ಟದ್ದೂ ಆಯಿತು. ಎಡೆಗೆ ಮುಂಚೆ ಯಾರೂ ರುಚಿ ನೋಡುವಂತಿಲ್ಲವಲ್ಲ, ನೋಡಿರಲಿಲ್ಲ. ಸಾರು ಮಾಡಿದ್ದು ಸ್ವತಃ ದಾಕ್ಷಾಯಣಮ್ಮ. ಬೆಳಿಗ್ಗೆ ಡಬ್ಬಿಯ ಮುಚ್ಚಳ ತೆಗೆದು, ಮೂಗಿನ ಹತ್ತಿರ ಹಿಡಿದು, "ಈ ಸಲದ ಪುಡಿ ಘಮ ಅಂತದೆ" ಎಂದು ಹಿತ್ತಲಲ್ಲಿದ್ದ ಸೊಸೆಗೆ ಕೇಳುವಂತೆ ಹೇಳಿಯೇ ಹಾಕಿದ್ದರು.

ಪಂಕ್ತಿ ಕೂತಿತು. ಅನ್ನ, ಅದರ ಮೇಲೆ ಸಾರು. ಮೊದಲ ತುತ್ತಿಗೇ ಸಾಲು ಸಾಲು ಕೈಗಳು ಎಲೆಯ ಮೇಲೆ ನಿಂತುಬಿಟ್ಟವು. ಜಂಗಮರು ಪುಣ್ಯಾತ್ಮರು, ಕಣ್ಣು ಮುಚ್ಚಿ ನುಂಗಿದರು. ಶಿವನಂಜಮ್ಮ ನುಂಗಲಿಲ್ಲ.

"ಏನತ್ತಿಗೆ ಇದು? ಸಾರೋ, ಮಕ್ಕಳು ತಿನ್ನೋ ಚಿಪ್ಸಿನ ಗಸಿಯೋ? ನಮ್ಮವ್ವನ ಎಡೆಗೆ ಇದನ್ನಾ ಇಟ್ಟಿದ್ದು?" ಎಂದವರು ಒಂದು ಗಳಿಗೆ ತಡೆದು, ಕಣ್ಣು ಕಿರಿದು ಮಾಡಿ ಕೇಳಿದರು: "ನಿಮ್ಮ ಮೂಗು ಎಲ್ಲೋಯ್ತು?"

ದಾಕ್ಷಾಯಣಮ್ಮ ಸೌಟನ್ನು ಸಾರಿನ ಪಾತ್ರೆಗೇ ಇಳಿಬಿಟ್ಟರು. ಮುಖದಲ್ಲಿ ರಕ್ತವೇ ಇರಲಿಲ್ಲ... ಕಣ್ಣು ಮಾತ್ರ ತೆರೆದ ಬಾಗಿಲಿನಾಚೆಯ ಜಗಲಿಯತ್ತ ಓಡಿತು. ಅಲ್ಲಿ ಆ ಹಳೆಯ ಮಂಚ ಇನ್ನೂ ಹಾಗೇ ಇತ್ತು.

ಪ್ರೇಕ್ಷಾ ಆ ನೋಟವನ್ನು ಕಂಡಳು. ಮುಚ್ಚಳ ತೆಗೆದದ್ದು, ಘಮ ಅಂದದ್ದು, ಸಂಜೆಯ ಹಾಲು ಸೀದರೂ ಈಚೆಗೆ ಯಾರೂ ಬೈಯದೆ ಇದ್ದದ್ದು, ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಇಷ್ಟು ವರ್ಷ ತನ್ನನ್ನು ಅರೆದವರು ಈಗ ತನ್ನ ಒಂದು ಮಾತಿನಲ್ಲಿ ತೂಗುತ್ತಿದ್ದಾರೆ. ಸುಮ್ಮನಿದ್ದರೂ ಸಾಕು, ನಾಳೆಯಿಂದ ಅಡಿಗೆಮನೆ ತನ್ನದು.

"ನಾನೇ ಹಾಕಿದ್ದು," ಎಂದಳು. "ಅತ್ತೆ ದೇವರ ಕೋಣೇಲಿದ್ರು. ಆತುರದಲ್ಲಿ ಡಬ್ಬಿ ಅದಲು ಬದಲಾಯ್ತು."

ಆಮೇಲಿನದನ್ನು ಕೇಳಬೇಡಿ. ಮಾವ ಚನ್ನಬಸವಯ್ಯ ಊಟ ಬಿಟ್ಟೆದ್ದರು. ರಜನೀಶ ವಾರವಾರವೂ ಅದೇ ಪುಡಿಯನ್ನು ಬೆರಳು ಚೀಪಿಕೊಂಡು ತಿಂದವನು. ನೆಂಟರ ಮುಂದೆ ಹೆಂಡತಿಗೆ ಬೈದ ಬೈಗುಳಕ್ಕೆ ಗೋಡೆಯ ಸುಣ್ಣ ಉದುರಿತು. ಎಲ್ಲಕ್ಕಿಂತ ಹೆಚ್ಚಾಗಿ ದಾಕ್ಷಾಯಣಮ್ಮನೇ, ದಡ ಸಿಕ್ಕವರಂತೆ, "ಬೇಡಾ ಬೇಡಾ ಅಂದೆ, ಕೇಳಿದ್ಲಾ?" ಎಂದು ದನಿಗೂಡಿಸಿದರು. ಪ್ರೇಕ್ಷಾ ಅತ್ತೆಯ ಮುಖವನ್ನು ಒಮ್ಮೆ ನೋಡಿ, ತಲೆ ತಗ್ಗಿಸಿ, ಮಜ್ಜಿಗೆ ಬಡಿಸುತ್ತ ಹೋದಳು.

ಸಂಜೆಗೆ ನೆಂಟರು ಖಾಲಿಯಾದರು. ಹಿತ್ತಲಿನಲ್ಲಿ ಪಾತ್ರೆಗಳ ಗುಡ್ಡೆ ಎಷ್ಟಿತ್ತೆಂದರೆ ಅದರ ತುದಿಯಲ್ಲಿ ಮೋಡ ನಿಂತಿತ್ತು. ಅದರ ಬುಡದಲ್ಲಿ ಕೂತು ಪ್ರೇಕ್ಷಾ ಉಜ್ಜುತ್ತಿದ್ದಳು. ದಾಕ್ಷಾಯಣಮ್ಮ ಬಂದು ತೊಳೆಯುವ ಕಲ್ಲಿನ ಮೇಲೆ ಕೂತರು.

"ಯಾವಾಗಿಂದ, ಅತ್ತೆ?"

"ಹೋದ ಆಷಾಢದ ಜ್ವರ ಬಿಟ್ಟಾಗಿಂದ. ಮಲ್ಲಿಗೆನೂ ಇಲ್ಲ, ಸಗಣಿನೂ ಇಲ್ಲ ಕಣಮ್ಮ... ಎಲ್ಲಾ ಒಂದೇ. ಮಗು ತಲೆ ಮೂಸಿದ್ರೂ ಏನೂ ಇಲ್ಲ..." ಸೆರಗು ಬಾಯಿಗೆ ಹೋಯಿತು.

"ಡಾಕ್ಟ್ರಿಗೆ ತೋರಿಸ್ಬಹುದಿತ್ತಲ್ಲ."

"ತೋರಿಸಿದ್ರೆ ಮನೆಗೆಲ್ಲ ಗೊತ್ತಾಗ್ತಿತ್ತು. ಆ ಪಾಕೀಟುಗಳ ಮೇಲೆ ನಂಗ್ಯಾಕೆ ಅಷ್ಟು ಸಿಟ್ಟು ಅಂದ್ಕೊಂಡೆ? ಕತ್ತರಿಸು, ಸುರಿ. ಅದಕ್ಕೆ ಮೂಗೇ ಬೇಡ. ಮೂಗು ಬೇಡದ ಮನೇಲಿ ನಾನ್ಯಾಕೆ?" ತುಸು ತಡೆದು, ದನಿ ತಗ್ಗಿಸಿ, "ನನ್ನ ಆ ಮಂಚಕ್ಕೆ ಕಳಿಸ್ಬೇಡ. ಸೌಟು ಬೇಕಿದ್ರೆ ತಗೋ" ಎಂದರು.

ಇಲ್ಲಿ ಬೇರೆ ಕಥೆಗಾರನಾಗಿದ್ದರೆ ಸೊಸೆಯನ್ನು ಅತ್ತೆಯ ಪಾದಕ್ಕೆ ಕೆಡವಿ, ಮೂರು ಪುಟ ಅಳಿಸುತ್ತಿದ್ದ. ಪ್ರೇಕ್ಷಾ ಕೂತಲ್ಲಿಂದ ಏಳಲೂ ಇಲ್ಲ. ಮೊಣಕೈಯಿಂದ ಮುಖದ ಮೇಲಿನ ಕೂದಲನ್ನು ಸರಿಸಿಕೊಂಡಳು.

"ಸೌಟು ತಗೊಂಡು ನಾನೇನ್ ಮಾಡ್ಲಿ ಅತ್ತೆ? ಕೈ ಎತ್ತಕ್ಕೂ ಆಗ್ದಷ್ಟು ಸಾಕಾಗೋಗಿದೆ ನಂಗೆ."

ದಾಕ್ಷಾಯಣಮ್ಮ ಆ ಕೈಗಳನ್ನು ನೋಡಿದರು. ಬೂದಿನೀರಿನಲ್ಲಿ ಬೆಳ್ಳಗೆ ಮುದುರಿದ ಬೆರಳುಗಳು. ಅಷ್ಟು ವರ್ಷ ಕಣ್ಣ ಮುಂದಿದ್ದವು, ಇವತ್ತೇ ಕಂಡವು ಎನ್ನಬೇಕು. ಸೀರೆ ಎತ್ತಿ ಕಟ್ಟಿ, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಒಂದು ತಪ್ಪಲೆ ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ ಕೇಳಿದರು:

"ಆ ಸಾರು ಉಳಿದದ್ಯಾ?"

"ಯಾರು ತಿಂದ್ರು, ಉಳೀದೆ ಇರಕ್ಕೆ."

"ಒಂದು ಬಟ್ಲು ಕೊಡು. ಆಮೇಲೆ ಒಂದು ತೊಟ್ಟು ನೆಕ್ಕಿ ನೋಡ್ದೆ, ನಾಲಿಗೆ ಚುರ್ ಅಂತು ಕಣೇ. ಎಷ್ಟೋ ದಿನ ಆಗಿತ್ತು, ಬಾಯಿಗೆ ಏನೋ ಬಿದ್ದಂಗಾಗಿ."

ಪಾಕೀಟುಗಳು ಸದ್ದಿಲ್ಲದೆ ಮನೆಗೆ ಮರಳಿದವು. ಈಗ ಬುಧವಾರ ಬಂದರೆ ಮಾವ ಒಬ್ಬರಿಗೇ ಮುದ್ದೆ, ಉಳಿದವರೆಲ್ಲ ಮೆಕ್ಸಿಕೋದಲ್ಲಿ.

ಬೇಸಿಗೆ ಬಂತು. ನೆಂಟರಿಗೆಲ್ಲ ಸಾರಿನ ಪುಡಿ ಆಗಬೇಕಲ್ಲ. ಪ್ರೇಕ್ಷಾ ಇದ್ದೊಂದು ರಜೆಯನ್ನು ಅದಕ್ಕೇ ಹಾಕಿದಳು. ಕೆಲಸ ಕಡಿಮೆಯಾಗುವುದಿರಲಿ, ಇನ್ನೊಂದು ಏರಿತು. ಹಿತ್ತಲಿನ ಒಲೆಯ ಮುಂದೆ ಬಾಣಲೆಯಲ್ಲಿ ಕೊತ್ತಂಬರಿ ಬೀಜ, ದಾಕ್ಷಾಯಣಮ್ಮನ ಕೈಯಲ್ಲಿ ಸೌಟು, ಪಕ್ಕದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತ ಸೊಸೆ. ಪುಡಿ ಒಯ್ಯಲು ಬಂದ ಶಿವನಂಜಮ್ಮ ಎದುರಿಗೇ ಕುರ್ಚಿ ಹಾಕಿಸಿಕೊಂಡು, ಗಿಡುಗನಂತೆ ಅತ್ತಿಗೆಯ ಮೂಗನ್ನೇ ಕಾಯುತ್ತಿದ್ದರು.

ಬೀಜ ಹದಕ್ಕೆ ಬಂದು ಘಮ ಎದ್ದ ಗಳಿಗೆ ಪ್ರೇಕ್ಷಾ ಸಣ್ಣಗೆ ಕೆಮ್ಮಿದಳು. ದಾಕ್ಷಾಯಣಮ್ಮ ತಲೆ ಎತ್ತಿ, ಗಾಳಿಯನ್ನು ಒಮ್ಮೆ ಗಂಭೀರವಾಗಿ ಮೂಸಿ, ಬಾಣಲೆ ಇಳಿಸಿದರು. ಜೀರಿಗೆಗೆ ಇನ್ನೊಂದು ಕೆಮ್ಮು. ಮೆಂತ್ಯಕ್ಕೆ ಮತ್ತೊಂದು. ಪುಡಿ ಆ ವರ್ಷದಷ್ಟು ಚೆನ್ನಾಗಿ ಹಿಂದೆಂದೂ ಬಂದಿರಲಿಲ್ಲ. ಅದರ ಘಮಕ್ಕೆ ಹೆದ್ದಾರಿಯ ಲಾರಿಗಳು ನಿಂತವು.

ಶಿವನಂಜಮ್ಮ ಬೆರಳ ತುದಿಯಲ್ಲಿ ಪುಡಿ ನೆಕ್ಕಿ ನೋಡಿದರು. ಎಲ್ಲೂ ತಪ್ಪು ಸಿಗಲಿಲ್ಲ. ಏನಾದರೂ ಹೇಳದೆ ಆಕೆಯ ಜೀವ ನಿಲ್ಲಬೇಕಲ್ಲ.

"ಏನತ್ತಿಗೆ, ನಿಮ್ಮ ಸೊಸೆ ಇಷ್ಟು ಕೆಮ್ತಾಳೆ? ಕಾಯಿಲೆ ಕಸಾಲೆ ಏನಿಲ್ಲ ತಾನೆ?"

ದಾಕ್ಷಾಯಣಮ್ಮ ಸೌಟನ್ನು ಬಾಣಲೆಯ ಅಂಚಿಗೆ ತಟ್ಟಿ ಕೊಡವಿದರು. ಸೊಸೆಯ ಕಡೆ ನೋಡಲಿಲ್ಲ.

"ಅವಳು ಕೆಮ್ಮಿದ್ರೇನೇ ಕಣಮ್ಮ, ಈ ಮನೇಲಿ ಅಡಿಗೆ ಆಗೋದು."